ಗೋದಮ್ಮಜ್ಜಿ ಬಡಿಸಿದ ಕೈ

ಕಾರ್ಟೂನು ಮಾಡುವವರು ದಿನವಿಡೀ ನಗುನಗುತ್ತ ಕೆಲಸ ಮಾಡುತ್ತಾರೆಂದು ಜನ ತಿಳಿದಿದ್ದಾರೆ. ಹದಿನೈದು ವರ್ಷ ಆ ಕೆಲಸ ಮಾಡಿದ ನಾನು ನಕ್ಕದ್ದಕ್ಕಿಂತ ರಬ್ಬರು ಉಜ್ಜಿದ್ದೇ ಹೆಚ್ಚು. ಒಬ್ಬ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಾಗಿಲ ತನಕ ಬರಬೇಕೆಂದರೆ ನಾವು ಅರವತ್ತು ಎಪ್ಪತ್ತು ಚಿತ್ರ ತೆಗೆಯಬೇಕಾಗುತ್ತಿತ್ತು. ಟೀವಿ ಮುಂದೆ ಕೂತ ಮಗು ಅಷ್ಟರಲ್ಲಿ ಒಂದು ತುತ್ತು ನುಂಗಿರುತ್ತಿತ್ತು, ಅಷ್ಟೇ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಯಾವ ಸಾಫ್ಟ್‌ವೇರ್ ಕಲಿಯಬೇಕೆಂದು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ನಾವು ಎಲ್ಲೆಲ್ಲಿ ಎಡವಿ ಬಿದ್ದೆವು ಎಂಬುದು ಚೆನ್ನಾಗಿ ಗೊತ್ತಿದೆ. ಅದನ್ನೇ ಬರೆಯುತ್ತೇನೆ.

ನಾನು ಮೊದಲು ಹುಬ್ಬಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಕಂಪ್ಯೂಟರಿನಲ್ಲಿ ಕತ್ತರಿಸಿದ ಅಂಟು ಅಕ್ಷರಗಳು ಬಂದು ನನ್ನ ಕುಂಚ ಒಣಗತೊಡಗಿತು. ಆಗ ದೇಶಪಾಂಡೆ ಸರ್ ಗೋಕುಲ ರಸ್ತೆಯಲ್ಲಿ ಕಾರ್ಟೂನು ಸ್ಟುಡಿಯೋ ತೆಗೆದಿದ್ದಾರೆ, ಚಿತ್ರ ಬರೆಯುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಸರ್ ಧಾರವಾಡದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಆ ನೌಕರಿ ಬಿಟ್ಟು ಮುಂಬಯಿಗೆ ಹೋಗಿ, ಅಲ್ಲಿ ಕೆಲವು ವರ್ಷ ಕಾರ್ಟೂನು ಕೆಲಸ ಕಲಿತು ಮರಳಿದ್ದರು. ಸಪೂರ ಆಳು, ದೊಡ್ಡ ದನಿ.

ನನ್ನನ್ನು ಕೂರಿಸಿ ಕೈಗೆ ಪೆನ್ಸಿಲ್ ಕೊಟ್ಟರು. "ಒಂದು ಕಾಗಿ ತಗಿ ನೋಡೂಣು."

ನಾನು ಕತ್ತು ಎತ್ತಿ ನಿಂತ ಕಾಗೆಯೊಂದನ್ನು ಐದು ನಿಮಿಷದಲ್ಲಿ ತೆಗೆದು, ಕೆಳಗೆ ನೆರಳನ್ನೂ ಕೊಟ್ಟೆ. ಸರ್ ಕನ್ನಡಕ ಮೇಲೇರಿಸಿ ನೋಡಿದರು.

"ಇದು ಕಾಗಿ ಅಲ್ಲಪಾ ಈರಣ್ಣ, ಕಾಗಿ ಬೋರ್ಡು. ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ತಾಸು ಖರೇ ಕಾಗಿ ನೋಡಿ ಬಾ. ಆಮ್ಯಾಲೆ ನೌಕರಿ ವಿಚಾರ ಮಾಡೂಣು."

ಹೋಗಿ ನೋಡಿದೆ. ಕಾಗೆ ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಜಿಗಿಯುತ್ತದೆ, ಜಿಗಿಯುವ ಮೊದಲು ಒಮ್ಮೆ ಓರೆಗಣ್ಣಿನಿಂದ ನೋಡುತ್ತದೆ. ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿದ್ದರೂ ನಾನು ಅದನ್ನು ಕಂಡಿರಲಿಲ್ಲ. ಮರಳಿ ಬಂದು ಕಾಗೆಯ ಹಾಗೆ ನಡೆದು ತೋರಿಸಿದೆ, ಕೆಲಸ ಸಿಕ್ಕಿತು.

ನಾವು ಮಾಡುತ್ತಿದ್ದ ಕಾರ್ಯಕ್ರಮದ ಹೆಸರು 'ಬುತ್ತಿಗಂಟು'. ಬೆಂಗಳೂರಿನ ಒಂದು ಚಾನೆಲ್ ಅದನ್ನು ರವಿವಾರ ಮುಂಜಾನೆ ಅರ್ಧ ತಾಸು ಹಾಕುತ್ತಿತ್ತು. ಅದರಲ್ಲಿ ಒಂದೇ ಕಥೆಯಲ್ಲ, ಬೇರೆ ಬೇರೆ ಕಾರ್ಟೂನುಗಳು. ಖಾನಾವಳಿ ನಡೆಸುವ ಗೋದಮ್ಮಜ್ಜಿ ಒಂದು, ಆಟೊ ಓಡಿಸುವ ತಮ್ಮಣ್ಣ ಒಂದು, ಬಸ್ ಸ್ಟ್ಯಾಂಡಿನ ಜೋಡಿ ಕಾಗೆಗಳು ಒಂದು, ಸೊಳ್ಳೆ ಸಾಹುಕಾರ ಒಂದು. ಪ್ರತಿ ವಾರ ಇವುಗಳಲ್ಲಿ ಮೂರು ಬರುತ್ತಿದ್ದವು, ನಾಲ್ಕನೆಯದಕ್ಕೆ ರಜೆ. ಮುಂದಿನ ವಾರ ಸರದಿ ಬದಲಾಗುತ್ತಿತ್ತು. ಇದು ಮಕ್ಕಳಿಗೆ ಬೇಸರವಾಗದಿರಲಿ ಎಂದು ಮಾಡಿದ್ದೆಂದು ಚಾನೆಲ್ಲಿನವರು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮ ಕೆಲಸ ಮುಗಿಯುತ್ತಿರಲಿಲ್ಲ, ಅದಕ್ಕೆ. ಯಾವ ತಂಡ ಹಿಂದೆ ಬಿದ್ದಿತೋ ಆ ವಾರ ಅವರ ಪಾತ್ರಕ್ಕೆ ರಜೆ. ಸೊಳ್ಳೆ ಸಾಹುಕಾರನಂತೂ ಅರ್ಧ ವರ್ಷ ರಜೆಯಲ್ಲೇ ಇರುತ್ತಿದ್ದ. ಒಮ್ಮೆ ಮಾಡಿದ ಕಥೆಗಳನ್ನು ಕೆಲವು ತಿಂಗಳ ಮೇಲೆ ಮತ್ತೆ ತಿರುಗಿಸಿ ಹಾಕುತ್ತಿದ್ದರು.

ನಮ್ಮ ಹಾಲ್ ಇದ್ದದ್ದು ಮಹಡಿಯಲ್ಲಿ. ಕೆಳಗೆ ಲೇಥ್ ಮಷಿನ್ನಿನ ಕಾರ್ಖಾನೆ. ಅದು ಶುರುವಾದರೆ ನಮ್ಮ ನೆಲ ಗುಂಯ್‌ಗುಡುತ್ತಿತ್ತು. ಮೊದಲ ಕಥೆಯನ್ನು ಕ್ಯಾಮೆರಾದಲ್ಲಿ ತೆಗೆದು ನೋಡಿದರೆ ಗೋದಮ್ಮಜ್ಜಿ ಮಲೇರಿಯಾ ಬಂದವಳಂತೆ ನಡುಗುತ್ತಿದ್ದಳು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನು ರಜಾಕ್ ಭಾಯಿ, ಮೊದಲು ಲಗ್ನದ ಫೋಟೊ ತೆಗೆಯುತ್ತಿದ್ದ. ಅವನು ಒಂದು ಉಪಾಯ ಕಂಡುಕೊಂಡ. ಕೆಳಗಿನವರು ಊಟಕ್ಕೆ ಎದ್ದ ಕೂಡಲೇ ನಾವು ಶೂಟಿಂಗ್ ಶುರು ಮಾಡುವುದು, ಅವರು ಕೈ ತೊಳೆದು ಬರುವಷ್ಟರಲ್ಲಿ ನಿಲ್ಲಿಸುವುದು. ಹೀಗಾಗಿ ನಾವೆಲ್ಲ ಊಟ ಮಾಡುತ್ತಿದ್ದುದು ಮೂರು ಗಂಟೆಗೆ. ಕರೆಂಟು ಹೋದಾಗ ನಮ್ಮ ಗಾಜಿನ ಮೇಜಿನ ಕೆಳಗಿನ ದೀಪವೂ ಹೋಗುತ್ತಿತ್ತು. ಆಗ ಒಂದು ಚಿತ್ರದ ಮೇಲೆ ಇನ್ನೊಂದು ಹಾಳೆ ಇಟ್ಟು ತೆಗೆಯಲು ಕಿಟಕಿಯ ಗಾಜೇ ಗತಿ. ಆರು ಮಂದಿ ಕಿಟಕಿಗೆ ಮುಖ ಒತ್ತಿಕೊಂಡು ನಿಂತಿರುವುದನ್ನು ಕೆಳಗಿನಿಂದ ನೋಡಿದವರು ಏನೆಂದುಕೊಂಡರೋ ಕಾಣೆ.

ಬಣ್ಣದ್ದು ಇನ್ನೊಂದು ಕಥೆ. ಪೆನ್ಸಿಲ್ ಚಿತ್ರವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಇಳಿಸಿ ಬಣ್ಣ ತುಂಬುತ್ತಿದ್ದೆವು. ಅದಕ್ಕೆ ಸೆಲ್ ಎನ್ನುತ್ತಿದ್ದೆವು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ತೊಳೆದು ಹಗ್ಗಕ್ಕೆ ಒಣಹಾಕಿ ಮತ್ತೆ ಅದನ್ನೇ ಬಳಸುವುದು. ಅಜ್ಜಿಯ ಇಳಕಲ್ ಸೀರೆಯ ಹಸಿರನ್ನು ನಾನೇ ಅಂದಾಜಿನ ಮೇಲೆ ಕಲಸುತ್ತಿದ್ದೆ. ಬೋರ್ಡು ಬರೆಯುವವನ ಕಣ್ಣಳತೆ ಎಂದು ನನಗೆ ಜಂಬ. ಒಂದು ಕಥೆಯಲ್ಲಿ ನಡುವೆ ಬಣ್ಣ ಮುಗಿಯಿತು, ಮತ್ತೆ ಕಲಸಿದೆ. ಟೀವಿಯಲ್ಲಿ ಬಂದಾಗ ಅಜ್ಜಿ ಗಿಳಿ ಹಸಿರು ಉಟ್ಟು ಅಡಿಗೆ ಮನೆಗೆ ಹೋಗಿ ಕಡು ಹಸಿರು ಉಟ್ಟು ಹೊರಗೆ ಬಂದಳು. ಬೈಲಹೊಂಗಲದ ಕಡೆಯ ಒಂದು ಹುಡುಗಿ ಕಾರ್ಡು ಬರೆದಿದ್ದಳು, ಅಜ್ಜಿ ಸಾರು ಕುದಿಯುವಷ್ಟರಲ್ಲಿ ಸೀರೆ ಯಾಕೆ ಬದಲಿಸಿದಳು ಎಂದು. ಸರ್ ಆ ಕಾರ್ಡನ್ನು ನನ್ನ ಮೇಜಿಗೆ ಅಂಟಿಸಿದರು. ಅಂದಿನಿಂದ ಪ್ರತಿಯೊಂದು ಬಣ್ಣವನ್ನೂ ಒಮ್ಮೆಲೇ ಹೆಚ್ಚು ಕಲಸಿ ಬಾಟಲಿಯಲ್ಲಿ ತುಂಬಿ, ಮುಚ್ಚಳಕ್ಕೆ ಅದೇ ಬಣ್ಣದ ಬೊಟ್ಟು ಇಡುವ ರೂಢಿ ಬಂತು.

ಮುಂದೆ ಎರಡು ಸಾವಿರದ ಆಚೆಗೆ ಕಂಪ್ಯೂಟರು ಬಂತು. ತೊಳೆಯುವುದು ಇಲ್ಲ, ಒಣಹಾಕುವುದು ಇಲ್ಲ, ಹಸಿರು ಎಂದರೆ ಅದೇ ಹಸಿರು. ನನಗೆ ಖುಷಿಯೇ ಆಯಿತು. ಕೈಯಲ್ಲಿ ಮಾಡಿದ್ದೇ ಶ್ರೇಷ್ಠ ಎಂದು ಹಲುಬುವವರ ಪೈಕಿ ನಾನಲ್ಲ, ಪ್ಲಾಸ್ಟಿಕ್ ಹಾಳೆ ತೊಳೆದೂ ತೊಳೆದೂ ನನ್ನ ಬೆರಳ ಸಂದಿಯ ಚರ್ಮ ಕಿತ್ತು ಹೋಗಿತ್ತು. ಒಂದೇ ಒಂದು ತಕರಾರು. ಮೊದಲು ಚಿತ್ರ ತೆಗೆಯುವ ಮುನ್ನ ಎದ್ದು ನಿಂತು ಅಭಿನಯ ಮಾಡುತ್ತಿದ್ದೆವು. ಈಗ ಕುರ್ಚಿ ಬಿಟ್ಟು ಯಾರೂ ಏಳುವುದಿಲ್ಲ.

ಈ ಅಭಿನಯದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಪ್ರತಿಯೊಬ್ಬರ ಮೇಜಿನ ಮೇಲೆ ಒಂದು ಅಂಗೈಯಗಲದ ಕನ್ನಡಿ ಇರುತ್ತಿತ್ತು. ಹಾಲಿನ ಮೂಲೆಯಲ್ಲಿ ಆಳೆತ್ತರದ ದೊಡ್ಡ ಕನ್ನಡಿ. ಮುಚ್ಚಿಹೋದ ಒಂದು ಕಟಿಂಗ್ ಅಂಗಡಿಯಿಂದ ಸರ್ ತಂದದ್ದು. ಅಜ್ಜಿ ಸಿಟ್ಟಾದರೆ ನಾವು ಸಿಟ್ಟಾಗಿ ಚಿಕ್ಕ ಕನ್ನಡಿಯಲ್ಲಿ ಹುಬ್ಬು ನೋಡಿಕೊಳ್ಳಬೇಕು. ಅಜ್ಜಿ ಬಗ್ಗಿ ನೀರೆತ್ತಿದರೆ ದೊಡ್ಡ ಕನ್ನಡಿಯ ಮುಂದೆ ಬಗ್ಗಬೇಕು. ಕಂಡದ್ದನ್ನು ಕಂಡ ಹಾಗೆ ಹಾಳೆಗೆ ಇಳಿಸಬೇಕು. ಇದು ಸರ್ ಮುಂಬಯಿಯಿಂದ ತಂದ ಪಾಠ, ನಮಗೆಲ್ಲ ವೇದವಾಕ್ಯ. ಮೀಸೆ ಹೊತ್ತ ನಾನು ಸೆರಗು ಹೊದ್ದವರ ಹಾಗೆ ಹೆಗಲಿಗೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು ಕನ್ನಡಿಯ ಮುಂದೆ ವೈಯಾರ ಮಾಡುವಾಗ ಕೆಳಗಿನ ಲೇಥಿನವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಸುಮಂಗಲಾ ಬಂದದ್ದು ಗೋದಮ್ಮಜ್ಜಿಗೆ ಹೆಸರು ಬಂದ ಮೇಲೆ. ಧಾರವಾಡದ ಹುಡುಗಿ, ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದ್ದಳು. ಎಡಗೈಯಲ್ಲಿ ಬರೆಯುತ್ತಿದ್ದಳು. ಮೊದಲ ದಿನವೇ ನಮ್ಮ ಮೇಜುಗಳು ಅವಳಿಗೆ ಉಲ್ಟಾ ಆದವು. ಮೇಜಿನ ಮೇಲಿನ ದೀಪ ಎಡಕ್ಕಿದ್ದರೆ ಅವಳ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತಿತ್ತು. ತಾನೇ ಎದ್ದು ಸ್ಕ್ರೂ ಬಿಚ್ಚಿ ದೀಪವನ್ನು ಬಲಕ್ಕೆ ಹಾಕಿಕೊಂಡಳು. ಸರ್ ಅದನ್ನು ನೋಡಿ, "ಕೆಲಸ ಸೀದಾ ಇದ್ರ ಸಾಕು," ಎಂದರು. ಆ ಮಾತಿನಲ್ಲಿ ಮೆಚ್ಚಿಕೆ ಇರಲಿಲ್ಲ.

ಅವಳ ತಂದೆ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಮಗಳಿಗೆ ಒಂದು ವರ್ಷದ ಗಡುವು ಕೊಟ್ಟಿದ್ದರು. ಈ ಕೆಲಸದಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಚಿತ್ರ ಗಿತ್ರ ಎಲ್ಲ ಬಿಟ್ಟು ಟೀಚರ್ ಟ್ರೇನಿಂಗಿಗೆ ಸೇರಬೇಕು. ಬೆಂಗಳೂರು, ಮುಂಬಯಿಗೆ ಕಳಿಸುವ ಮಾತೇ ಇರಲಿಲ್ಲ. ನಮ್ಮ ಸುತ್ತಮುತ್ತ ಇಂಥ ಕೆಲಸ ಇದ್ದದ್ದು ನಮ್ಮ ಹಾಲಿನಲ್ಲಿ ಮಾತ್ರ. ಅಲ್ಲಿಂದ ಹೊರಬಿದ್ದರೆ ಅವಳ ಚಿತ್ರ ಬರೆಯುವ ಬಾಳು ಮುಗಿಯಿತೆಂದೇ ಅರ್ಥ. ಇದನ್ನು ಅವಳು ಊಟದ ಹೊತ್ತಿನಲ್ಲಿ ನಗುತ್ತಲೇ ನಮಗೆಲ್ಲ ಹೇಳಿದ್ದಳು.

ಅವಳು ಬಂದು ಏಳೆಂಟು ತಿಂಗಳಾಗಿತ್ತು. ಗೋದಮ್ಮಜ್ಜಿಯ ಹೊಸ ಕಥೆಯಲ್ಲಿ ಊರಿನ ಪ್ರಾಣಿ ಪಕ್ಷಿಗಳೆಲ್ಲ ಸಾಲಾಗಿ ಪಂಕ್ತಿಯಲ್ಲಿ ಕೂತಿರುತ್ತವೆ, ಅಜ್ಜಿ ನಮ್ಮ ಕಡೆ ಮುಖ ಮಾಡಿ ಒಬ್ಬೊಬ್ಬರಿಗೂ ಬಡಿಸುತ್ತ ಬರುತ್ತಾಳೆ. ಅದಕ್ಕೂ ಮೊದಲು ಅಜ್ಜಿಯನ್ನು ನಾವು ಹೆಚ್ಚಾಗಿ ಒಂದು ಬದಿಯಿಂದ, ರೊಟ್ಟಿ ಬಡಿಯುತ್ತ ಕೂತ ಹಾಗೆ ತೋರಿಸುತ್ತಿದ್ದೆವು. ಬಡಿಸುವುದನ್ನು ನೋಡಿ ಬರಲಿ ಎಂದು ಸರ್ ನಮ್ಮನ್ನು ಒಂದು ಖಾನಾವಳಿಗೆ ಕಳಿಸಿದರು. ನಾವು ಬಿಸಿ ರೊಟ್ಟಿ, ಎಣ್ಣೆಗಾಯಿ ಹೊಡೆದು ಬಂದೆವು.

"ಆಕಿ ಮೊದಲು ಏನ್ ಬಡಿಸಿದ್ಲು?" ಎಂದು ಸರ್ ಕೇಳಿದರು.

ನಾನು, "ರೊಟ್ಟಿ ಭಾಳ ಬಿಸಿ ಇದ್ದುವ್ರಿ ಸರ್," ಎಂದೆ. ಸುಮಂಗಲಾ ಒಬ್ಬಳೇ ಪುಸ್ತಕ ತೆರೆದು ತೋರಿಸಿದಳು. ಮೊದಲು ಅಂಚಿಗೆ ಉಪ್ಪು, ಆಮೇಲೆ ಚಟ್ನಿಪುಡಿ, ಬಡಿಸುವವಳ ಮಣಿಕಟ್ಟು ಹೇಗೆ ತಿರುಗುತ್ತದೆ ಎಂಬುದರ ಚಿತ್ರವನ್ನೂ ತೆಗೆದುಕೊಂಡು ಬಂದಿದ್ದಳು.

ಪಂಕ್ತಿಯ ಹನ್ನೊಂದು ದೃಶ್ಯಗಳಲ್ಲಿ ಏಳನ್ನು ನಾನು ತೆಗೆದೆ, ನಾಲ್ಕನ್ನು ಅವಳು ತೆಗೆದಳು. ಎಲ್ಲ ಹಾಳೆಗಳನ್ನೂ ತಪಾಸಣೆ ಮಾಡುವವನು ಸಹ ನಾನೇ. ಕಥೆ ಟೀವಿಯಲ್ಲಿ ಬಂತು, ಚೆನ್ನಾಗಿ ಬಂತೆಂದು ನಾವು ಪೇಢೆ ತಿಂದೆವು.

ಹದಿನೈದು ದಿನದ ಮೇಲೆ ಒಂದು ಮುಂಜಾನೆ ಸರ್ ಕಾರ್ಡುಗಳ ಕಟ್ಟು ಹಿಡಿದು ಬಂದರು. ಚಾನೆಲ್ಲಿನವರು ಬೆಂಗಳೂರಿನಿಂದ ಕಳಿಸಿದ್ದು. ಒಂದನ್ನು ಗಟ್ಟಿಯಾಗಿ ಓದಿದರು. ನಿಮ್ಮ ಅಜ್ಜಿ ಪಂಕ್ತಿಯಲ್ಲಿ ಎಡಗೈಯಿಂದ ಬಡಿಸುತ್ತಾಳೆ, ನಮ್ಮ ಮಗ ನಾಲ್ಕು ದಿನದಿಂದ ಎಡಗೈಯಲ್ಲೇ ಉಣ್ಣುತ್ತಿದ್ದಾನೆ, ಬೈದರೆ ಅಜ್ಜಿ ಮಾಡಲಿಲ್ಲವೇ ಎನ್ನುತ್ತಾನೆ, ನಾವು ಏನು ಮಾಡಬೇಕು ಎಂದು ಒಬ್ಬ ತಾಯಿ ಬರೆದಿದ್ದಳು. ಉಳಿದ ಕಾರ್ಡುಗಳಲ್ಲೂ ಅದೇ ಮಾತು. ಕೆಲವರು ನಮ್ಮ ವಂಶದ ಹಿರಿಯರನ್ನೆಲ್ಲ ಎತ್ತಿ ಬೈದಿದ್ದರು. ಗೋದಮ್ಮಜ್ಜಿಯನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ, ಇಂಥದು ಇನ್ನೊಂದು ಬಂದರೆ ಬುತ್ತಿಗಂಟನ್ನೇ ನಿಲ್ಲಿಸುತ್ತೇವೆ, ತಪ್ಪು ಮಾಡಿದವರು ಯಾರೆಂದು ತಿಳಿಸಿ ಎಂದು ಚಾನೆಲ್ಲಿನವರು ಹೇಳಿದ್ದರಂತೆ.

"ಯಾರದಿದು?" ಎಂದರು ಸರ್.

ಹಾಲಿನಲ್ಲಿ ನಾವು ಹದಿನಾರು ಮಂದಿ ಇದ್ದೆವು. ತಪಾಸಣೆ ಮಾಡಿದವನು ನಾನಾದ್ದರಿಂದ ಮೊದಲ ಏಟು ನನಗೇ ಬೀಳುವುದಿತ್ತು. ನನಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ನಾನು ಆಡಿದ ಮಾತು ಇದು:

"ಸರ್, ನಮ್ಮಲ್ಲಿ ಎಡಗೈಯಾಕಿ ಒಬ್ಬಾಕಿನ ಅದಾಳಲ್ರಿ."

ಎಲ್ಲರ ಕತ್ತೂ ಆ ಕಡೆ ತಿರುಗಿತು. ಸುಮಂಗಲಾಳ ಎಡಗೈಯಲ್ಲಿ ಆಗ ಪೆನ್ಸಿಲ್ ಇತ್ತು.

ಅವಳು ಎದ್ದು ನಿಂತು, "ಸರ್, ನನ್ನ ಹಾಳಿ ಒಮ್ಮೆ ತಗದು ನೋಡ್ರಿ," ಎಂದಳು.

"ಏನ್ ನೋಡೂದದ? ಇಡೀ ನಾಡ ನೋಡೇದ," ಎಂದರು ಸರ್. "ನಾಳಿಂದ ಬರಬ್ಯಾಡವಾ. ನನಗ ಹದಿನೈದು ಮಂದಿ ಹೊಟ್ಟಿ ನೋಡೂದದ."

ಅವಳು ತನ್ನ ಪೆನ್ಸಿಲ್, ರಬ್ಬರು, ಚಿಕ್ಕ ಕನ್ನಡಿ ಚೀಲದಲ್ಲಿ ಹಾಕಿಕೊಂಡು, ದೀಪವನ್ನು ಮೊದಲಿನ ಹಾಗೆ ಎಡಕ್ಕೆ ಕೂರಿಸಿ ಹೋದಳು. ನನಗೆ ಬದುಕಿದೆಯಾ ಬಡಜೀವವೇ ಎನಿಸಿತು. ಅದನ್ನು ಮುಚ್ಚಿಟ್ಟು ಏನೂ ಉಪಯೋಗವಿಲ್ಲ, ನಿಜವಾಗಿ ಹಾಗೇ ಎನಿಸಿತು.

"ಆಕಿ ತಗದದ್ದನ್ನೆಲ್ಲ ತಿರುಗಿ ತಗಿ," ಎಂದು ಸರ್ ನನಗೆ ಹೇಳಿದರು. ಮತ್ತೆ ಹಾಕುವ ಹೊತ್ತಿಗೆ ಅಜ್ಜಿ ಬಲಗೈಯಿಂದ ಬಡಿಸಬೇಕಿತ್ತು. ಮರುದಿನ ಮಧ್ಯಾಹ್ನ ಕಪಾಟು ತೆಗೆದು ಪಂಕ್ತಿಯ ಹಾಳೆಗಳನ್ನು ಹೊರಗಿಟ್ಟೆ. ಪ್ರತಿ ಹಾಳೆಯ ಮೂಲೆಯಲ್ಲಿ ದೃಶ್ಯದ ಸಂಖ್ಯೆ, ಚಿತ್ರದ ಸಂಖ್ಯೆ, ತೆಗೆದವರ ಹೆಸರಿನ ಮೊದಲ ಅಕ್ಷರ ಇರುತ್ತದೆ. 'ಸು' ಎಂದಿದ್ದ ಹಾಳೆಗಳನ್ನು ಬೇರೆ ಮಾಡಿ ನೋಡಿದೆ. ಅಜ್ಜಿ ಬಲಗೈಯಿಂದ ಬಡಿಸುತ್ತಿದ್ದಳು. ನಾಲ್ಕು ದೃಶ್ಯವೂ ಹಾಗೇ. ಉಳಿದವನ್ನು ತಿರುವಿದೆ. ಸೌಟು ಎಡಗೈಯಲ್ಲಿದ್ದ ಹಾಳೆಗಳ ಮೂಲೆಯಲ್ಲೆಲ್ಲ 'ಈ' ಎಂದಿತ್ತು. ನನ್ನದೇ ಅಕ್ಷರ, ಬೋರ್ಡಿನ ಅಕ್ಷರದಂತೆ ದುಂಡಗೆ.

ನನಗೆ ತಲೆಬುಡ ತಿಳಿಯಲಿಲ್ಲ. ನಾನು ಹುಟ್ಟಿದಾಗಿನಿಂದ ಬಲಗೈಯವನು. ಕನ್ನಡಿಯ ಮುಂದೆ ಅಭಿನಯ ಮಾಡಿದ್ದೂ ಬಲಗೈಯಲ್ಲೇ. ಸೌಟು ತೆಗೆದುಕೊಂಡು ದೊಡ್ಡ ಕನ್ನಡಿಯ ಮುಂದೆ ಹೋಗಿ ನಿಂತೆ. ರಜಾಕ್ ಭಾಯಿ ಶೂಟಿಂಗ್ ಮುಗಿಸಿ ಬುತ್ತಿ ಬಿಚ್ಚುತ್ತಿದ್ದ.

"ಭಾಯಿ, ನಾ ಯಾವ ಕೈಲೆ ಬಡಸಾಕತ್ತೇನಿ?"

"ಬಲಗೈಲೆ."

"ಕನ್ನಡ್ಯಾಗಿನಾಂವ?"

ರಜಾಕ್ ಭಾಯಿ ಎದ್ದು ಬಂದು ನನ್ನ ಹೆಗಲ ಮೇಲಿನಿಂದ ನೋಡಿದ. "ಅಂವ ನಿನ್ನ ಎದುರಿಗೆ ನಿಂತಾನಲ್ಲೋ. ನೀ ಬಲಗೈ ಎತ್ತಿದರ ಅಂವಂದು ಎಡಗೈ ಏಳ್ತೈತಿ." ಸ್ವಲ್ಪ ತಡೆದು, "ಯಾ ಅಲ್ಲಾ," ಎಂದ.

ಅಷ್ಟೇ ವಿಷಯ. ಎದುರಿಗೆ ನಿಂತವನ ಎಡಗೈ ನಮ್ಮ ಬಲಗಡೆ ಇರುತ್ತದೆ. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಇಳಿಸಿದರೆ ಬಲಗೈಯವನು ತೆಗೆದ ಪಾತ್ರ ಎಡಗೈಯದಾಗುತ್ತದೆ. ಸೀರೆ, ಸೆರಗು, ಮೂಗುತಿ ಇವನ್ನೆಲ್ಲ ನಾವು ಗೋಡೆಗೆ ಹಚ್ಚಿದ ಅಜ್ಜಿಯ ಮಾದರಿ ಚಿತ್ರ ನೋಡಿ ತೆಗೆಯುತ್ತಿದ್ದುದರಿಂದ ಅವು ಸರಿಯಾಗೇ ಇದ್ದವು. ಕೈಯನ್ನು ಮಾತ್ರ ಕನ್ನಡಿಯಿಂದ ತೆಗೆದಿದ್ದೆವು. ಹಳೆಯ ಕಥೆಗಳನ್ನು ಕೆದಕಿದರೆ ಎಲ್ಲರ ಕೆಲಸವೂ ಹಾಗೇ ಇತ್ತು. ಆಟೊದ ಸ್ಟಾರ್ಟಿಂಗ್ ಹಿಡಿಕೆಯನ್ನು ಎಡಗೈಯಿಂದಲೇ ಎಳೆಯುವುದರಿಂದ ತಮ್ಮಣ್ಣ ಬಚಾವಾಗಿದ್ದ. ಕಾಗೆಗಳಿಗೆ ಕೈಯೇ ಇಲ್ಲ. ಊಟ ಬಡಿಸುವ ಅಜ್ಜಿ ಮಾತ್ರ ಸಿಕ್ಕಿಬಿದ್ದಳು.

ಆಗ ಇನ್ನೊಂದು ನೆನಪಾಯಿತು. ಕೆಲಸ ಶುರುವಾಗುವ ಮೊದಲು ಸುಮಂಗಲಾ ನನ್ನ ಮೇಜಿಗೆ ಬಂದು, "ಈರಣ್ಣಾರ, ಪಂಕ್ತ್ಯಾಗ ಅಜ್ಜಿ ಯಾವ ಕೈಲೆ ಬಡಸ್ತಾಳ್ರಿ?" ಎಂದು ಕೇಳಿದ್ದಳು. ನಾನು, "ನಿನಗ ಬಂತಲ್ಲವಾ ಈ ಸಂಶಯ! ಕನ್ನಡಿ ನೋಡಿ ತಗಿ, ತಾನ ತಿಳೀತೈತಿ," ಎಂದಿದ್ದೆ. ಸುತ್ತಲಿದ್ದವರು ನಕ್ಕಿದ್ದರು.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ತಪ್ಪು ಯಾರದೆಂಬುದನ್ನು ಎತ್ತದೆ ನನ್ನ ಹಾಳೆಗಳನ್ನೇ ತಿದ್ದುತ್ತ ಕೂತೆ. ರಜಾಕ್ ಭಾಯಿಯೂ ಮಾತೆತ್ತಲಿಲ್ಲ, ಆದರೆ ಚಹಾ ಕುಡಿಯಲು ನನ್ನನ್ನು ಕರೆಯುವುದನ್ನು ಬಿಟ್ಟ. ಮೂರನೆಯ ದಿನ ಸರ್ ಬಂದು, ಕಾರ್ಯಕ್ರಮದ ಕೊನೆಗೆ ಬರುವ ಹೆಸರುಗಳಲ್ಲಿ ಸುಮಂಗಲಾಳ ಹೆಸರು ತೆಗೆದುಬಿಡು ಎಂದರು. ಆ ಹೆಸರುಗಳನ್ನು ಬರೆದವನು ನಾನು, ಹಾಲಿನಲ್ಲಿ ಅಕ್ಷರದ ಕೆಲಸ ಎಲ್ಲ ನನ್ನದೇ. ಸೆಲ್ ಎದುರಿಗಿಟ್ಟುಕೊಂಡು ಅರಿವೆ ಒದ್ದೆ ಮಾಡಿಕೊಂಡೆ. ಒರೆಸಲು ಕೈ ಏಳಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹಾಳೆಗಳ ಕಟ್ಟನ್ನೂ ಸೌಟನ್ನೂ ಹಿಡಿದು ಸರ್ ಕೋಣೆಗೆ ಹೋಗಿ, ಅವರನ್ನೇ ದೊಡ್ಡ ಕನ್ನಡಿಯ ಮುಂದೆ ಕರೆತಂದು ನಿಲ್ಲಿಸಿದೆ.

ಸರ್ ಸೌಟು ಹಿಡಿದು ಎರಡು ಸಲ ಕೈ ಎತ್ತಿದರು, ಇಳಿಸಿದರು. ಮುಖ ಬಿಳಿಚಿತು. ಮೂವತ್ತು ವರ್ಷ ಚಿತ್ರ ತೆಗೆದ, ಕಲಿಸಿದ ಮನುಷ್ಯ.

"ಆಕಿನ್ನ ಕರಕೊಂಡು ಬಾ," ಎಂದರು. ಆಮೇಲೆ ದನಿ ತಗ್ಗಿಸಿ, "ಈ ಕನ್ನಡಿ ಮಾತು ಮಂದಿ ಮುಂದ ಬ್ಯಾಡೋ ಈರಣ್ಣ. ಸುಮ್ಮನ ಬಾ ಅಂತ ಹೇಳು."

ಮರುದಿನ ಮುಂಜಾನೆಯ ಬಸ್ಸಿಗೆ ಧಾರವಾಡಕ್ಕೆ ಹೋದೆ. ದಾರಿಯಲ್ಲಿ ರಾಯಾಪುರ ದಾಟುವವರೆಗೂ ಏನು ಹೇಳುವುದೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಮನೆ ಹುಡುಕಿ ಹೋದಾಗ ಅವಳ ತಂದೆ ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಟ್ರೇನಿಂಗಿನ ಅರ್ಜಿ, ಅರ್ಧ ತುಂಬಿತ್ತು. "ಬರ್ರಿ, ಒಳಗ ಬರ್ರಿ," ಎಂದರು. ಸುಮಂಗಲಾ ನೀರು ತಂದು ಕೊಟ್ಟಳು.

"ಸರ್ ಕರದಾರವಾ," ಎಂದೆ. "ಏನೋ ಗೊಂದಲ ಆಗಿತ್ತು. ನಾಳೆ ಬಂದುಬಿಡು."

"ಗೊಂದಲ ಅಲ್ರಿ," ಎಂದಳು ಅವಳು. "ಆ ಹಾಳಿ ನಿಮ್ಮವು."

"ನಿನಗ ಗೊತ್ತಿತ್ತು?"

"ಗೊತ್ತಿತ್ರಿ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕ ಹೇಳಿಕೊಡುವವರ ಹಾಗೆ ಹೇಳಿದಳು. "ಸಣ್ಣಾಕಿ ಇದ್ದಾಗ ಎಡಗೈಲೆ ಉಂಡ್ರ ಅಪ್ಪ ಹೊಡೀತಿದ್ರು. ಅವರು ಸಾಲಿಗೆ ಹೋದ ಮ್ಯಾಲೆ ನಾ ತಾಟು ತಗೊಂಡು ಹೋಗಿ ಕನ್ನಡಿ ಮುಂದ ಕುಂದರ್ತಿದ್ದೆ. ನಾ ಎಡಗೈಲೆ ಉಣ್ತಿದ್ದೆ, ಕನ್ನಡ್ಯಾಗಿನ ಹುಡುಗಿ ಬಲಗೈಲೆ ಉಣ್ತಿದ್ಲು. ಆಕಿಗೆ ಯಾರೂ ಹೊಡೀತಿರಲಿಲ್ಲ. ದಿನಾ ನೋಡೇನ್ರಿ ನಾ. ನಿಮಗ ಅದನ್ನ ನೋಡೂ ಪಾಳಿನ ಬಂದಿಲ್ಲ."

ಅವಳ ತಂದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರು ತಲೆ ತಗ್ಗಿಸಿದರು.

"ಆವತ್ತ ಯಾಕ ಬಿಡಿಸಿ ಹೇಳಲಿಲ್ಲವಾ?" ಎಂದೆ.

"ಹಾಳಿ ನೋಡ್ರಿ ಅಂದೆ. ಎಲ್ಲಾರೂ ಕೈ ನೋಡಿದ್ರಿ."

ನಾನು ನೀರಿನ ಲೋಟ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು, "ನಾ ಬರ್ತೇನ್ರಿ. ನನಗ ಆ ಕೆಲಸ ಬೇಕು. ಆದ್ರ ಎಲ್ಲಾರ ಮುಂದ ಕಳಿಸೀರಿ, ಎಲ್ಲಾರ ಮುಂದ ಹೇಳ್ರಿ. ಸುಮ್ಮನ ತಪ್ಪಾತು ಅಂದ್ರ ನಾಳೆ ಮತ್ತ ನನ್ನ ಕೈ ಮ್ಯಾಲೆ ಬರ್ತದ. ಯಾವ ದೃಶ್ಯ, ಯಾವ ನಂಬರು, ಯಾರದು ಅನ್ನೂದನ್ನ ಓದಿ ಹೇಳ್ರಿ."

ಅವಳ ತಂದೆ ಒಳಗೆ ಬಂದು ಆ ಅರ್ಜಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಹೋಗವಾ," ಎಂದರು, ಅಷ್ಟೇ.

ಹುಬ್ಬಳ್ಳಿಗೆ ಮರಳಿ ಅವಳ ಮಾತು ಹೇಳಿದರೆ ಸರ್ ಒಪ್ಪಲಿಲ್ಲ. ಸ್ಟುಡಿಯೋದ ಮರ್ಯಾದೆ ಏನಾಗಬೇಕು ಎಂದರು. ನಾನು ಹೇಳಿದೆ, "ಮರ್ಯಾದಿ ನಂದು ಹೋಗೂದೈತ್ರಿ ಸರ್, ನೀವು ಬೇಕಾದ್ರ ಹೊರಗ ಹೋಗಿ ಬರ್ರಿ." ಅವರು ಹೊರಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೈ ಕಟ್ಟಿ ನಿಂತರು.

ಸೋಮವಾರ ಲೇಥ್ ನಿಂತ ಹೊತ್ತು ನೋಡಿ ಎಲ್ಲರನ್ನೂ ಹಾಲಿನ ನಡುವೆ ಕರೆದೆ. ರಜಾಕ್ ಭಾಯಿ ಶೂಟಿಂಗ್ ಬಿಟ್ಟು ಬಂದ. ಸುಮಂಗಲಾ ತನ್ನ ಮೇಜಿನ ಹತ್ತಿರ ನಿಂತಿದ್ದಳು. ಕನ್ನಡಿಯ ಸಂಗತಿಯನ್ನು ಮೊದಲು ತೋರಿಸಿದೆ. ಕೆಲವರು ತಮ್ಮ ತಮ್ಮ ಚಿಕ್ಕ ಕನ್ನಡಿ ಎತ್ತಿ ನೋಡಿಕೊಂಡರು. "ಇದನ್ನ ಸುಮಂಗಲಾ ಮೊದಲ ಕೇಳಿದ್ಲು, ನಾ ನಕ್ಕು ಕಳಿಸಿದೆ. ಆಮ್ಯಾಲೆ ಆಕಿ ಮ್ಯಾಲೆ ಹಾಕಿದೆ," ಎಂದೆ. ನಂತರ ಹಾಳೆಗಳನ್ನು ಕೈಗೆ ತೆಗೆದುಕೊಂಡು ಓದತೊಡಗಿದೆ. ಮೂರನೆಯ ದೃಶ್ಯ, ಹಾಳೆ ಒಂದು, ಎಡಗೈ, ಈರಣ್ಣ. ಹಾಳೆ ಎರಡು, ಎಡಗೈ, ಈರಣ್ಣ. ಹಾಳೆ ಮೂರು. ಓದಿದ ಹಾಳೆಯನ್ನು ಎತ್ತಿ ತೋರಿಸಿ ಕೆಳಗಿಟ್ಟು ಮುಂದಿನದನ್ನು ಎತ್ತುತ್ತಿದ್ದೆ.

ಇಪ್ಪತ್ತು ಹಾಳೆಯಾಗುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಐವತ್ತು ದಾಟಿದಾಗ ಹಿಂದೆ ನಿಂತವರು ಕಾಲು ಬದಲಿಸತೊಡಗಿದರು. ಸರ್ ಒಮ್ಮೆ ಕೆಮ್ಮಿದರು. ಕೆಳಗೆ ಊಟ ಮುಗಿಸಿದವರು ಲೇಥ್ ಶುರು ಮಾಡಿದರು, ನಾನು ದನಿ ಏರಿಸಬೇಕಾಯಿತು. ನಡುವೆ ಎಲ್ಲಾದರೂ ಒಂದು ಕಡೆ ಸುಮಂಗಲಾ "ಸಾಕು ಬಿಡ್ರಿ ಈರಣ್ಣಾರ" ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಎರಡು ಸಲ ತಲೆ ಎತ್ತಿ ಅವಳ ಕಡೆ ನೋಡಿಯೂ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿದ್ದಳು. ನೂರಾ ನಲವತ್ತೊಂದು ಹಾಳೆಗಳಿದ್ದವು. ಅವಳು ಸಾಕು ಎನ್ನಲಿಲ್ಲ. ನಾನು ಎಲ್ಲವನ್ನೂ ಓದಿದೆ.